ಹುಡುಗರನ್ನು ಬೆಟ್ಟಕ್ಕೆ ಕರೆದೊಯ್ಯುವವರು

ಬೆಳಗಿನ ಜಾವ ಶಾಲೆಯ ಗೇಟಿನ ಮುಂದೆ ಬಸ್ಸು ನಿಂತಿರುತ್ತದೆ. ಹುಡುಗರು ಬ್ಯಾಗು, ನೀರಿನ ಬಾಟಲಿ, ಚಕ್ಕುಲಿ ಡಬ್ಬಿಗಳೊಡನೆ ಹತ್ತುತ್ತಾರೆ. ಕಿಟಕಿಯ ಕೆಳಗೆ ನಿಂತ ತಾಯಿತಂದೆಯರು ಕೇಳುವ ಪ್ರಶ್ನೆಗಳು ಎಲ್ಲ ಊರಿನಲ್ಲೂ ಒಂದೇ: ಊಟ ಎಲ್ಲಿ, ಮಲಗುವುದೆಲ್ಲಿ, ವಾಪಸು ಎಷ್ಟು ಹೊತ್ತಿಗೆ? ಡ್ರೈವರಿಗೆ ಲೈಸೆನ್ಸ್ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಇದ್ದೇ ಇರುತ್ತದೆಂಬ ನಂಬಿಕೆ. ಬಸ್ಸಿನಿಂದ ಇಳಿದ ಮೇಲೆ ಈ ಮಕ್ಕಳನ್ನು ಬೆಟ್ಟಕ್ಕೋ ಹೊಳೆಗೋ ಕಡಲಿಗೋ ಕರೆದೊಯ್ಯುವ ಮೇಷ್ಟ್ರಿಗೆ ಆ ಕೆಲಸವನ್ನು ಯಾರು ಕಲಿಸಿದರು ಎಂದೂ ಕೇಳುವುದಿಲ್ಲ. ಅಲ್ಲಿಯೂ ಅದೇ ನಂಬಿಕೆ. ಆದರೆ ಅದಕ್ಕೆ ಆಧಾರವಿರುವುದು ಅಪರೂಪ.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲತೀರದಲ್ಲಿ, ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಜೊತೆಯಲ್ಲಿ ಶಿಕ್ಷಕರಿದ್ದರು. ಇಂಥ ಸುದ್ದಿ ಬಂದಾಗ ತಪ್ಪು ಯಾರದು ಎಂಬ ಚರ್ಚೆ ಒಂದು ವಾರ ಬಿಸಿಯಾಗಿ ನಡೆಯುತ್ತದೆ. ಪಾಠ ಹೇಳುವುದಕ್ಕೆಂದು ನೇಮಕವಾದವರಿಗೆ ಅಲೆಯ ಸೆಳೆತವನ್ನು ಗುರುತಿಸಲು, ನೀರಿನಲ್ಲಿರುವ ಮಕ್ಕಳ ತಲೆ ಎಣಿಸಲು, ‘ಇವತ್ತು ಬೇಡ’ ಎಂದು ಹೇಳಲು ಯಾರಾದರೂ ಎಂದಾದರೂ ಕಲಿಸಿದ್ದುಂಟೇ ಎಂಬ ಮಾತು ಆ ಚರ್ಚೆಯಲ್ಲಿ ಬರುವುದು ಕಡಿಮೆ. ಹೀಗೆ ಕಲಿಸಬಹುದೆಂಬ, ಕಲಿಸಲೇಬೇಕೆಂಬ ತಿಳಿವಳಿಕೆಗೆ ಈಗ ನೂರು ವರ್ಷ ದಾಟಿದೆ.

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. 1907ರ ಆಗಸ್ಟಿನಲ್ಲಿ ರಾಬರ್ಟ್ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಸುಮಾರು ಇಪ್ಪತ್ತು ಹುಡುಗರನ್ನು ಬ್ರೌನ್‌ಸೀ ಎಂಬ ಪುಟ್ಟ ದ್ವೀಪಕ್ಕೆ ಕರೆದೊಯ್ದು ಶಿಬಿರ ನಡೆಸಿದ. ಮರುವರ್ಷ ಅವನ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಕಂತುಕಂತಾಗಿ ಹೊರಬಂತು. ಆಮೇಲೆ ಆದದ್ದನ್ನು ಅವನೂ ಎಣಿಸಿರಲಿಲ್ಲ. ಪುಸ್ತಕ ಓದಿದ ಹುಡುಗರು ತಾವೇ ತಂಡ ಕಟ್ಟಿಕೊಂಡರು, ಟೋಪಿ ಕೋಲು ಹೊಂದಿಸಿಕೊಂಡರು, ತಮ್ಮನ್ನು ನಡೆಸಲು ಒಬ್ಬ ದೊಡ್ಡವನನ್ನು ಹುಡುಕಿಕೊಂಡು ಹೊರಟರು. ಗುಮಾಸ್ತ, ಪಾದ್ರಿ, ಅಂಗಡಿಯವ, ನಿವೃತ್ತ ಸಿಪಾಯಿ - ಒಪ್ಪಿದವನೇ ಸ್ಕೌಟ್ ಮಾಸ್ಟರ್. ಸಂಬಳವಿಲ್ಲ, ಪರೀಕ್ಷೆಯಿಲ್ಲ, ಮನಸ್ಸಿದ್ದರೆ ಸಾಕು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮೇಳಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹುಡುಗರು ಬಂದರು. ಮಕ್ಕಳ ಸಂಖ್ಯೆ ಓಡುತ್ತಿತ್ತು. ದೊಡ್ಡವರ ತಯಾರಿ ಕುಂಟುತ್ತಿತ್ತು.

1912ರ ಆಗಸ್ಟ್ 4ರಂದು ಲಂಡನ್ನಿನ ವಾಲ್‌ವರ್ತ್ ಎಂಬ ಬಡವರ ಬಡಾವಣೆಯ ಸ್ಕೌಟುಗಳು ದೋಣಿಯಲ್ಲಿ ಥೇಮ್ಸ್ ನದಿಯಗುಂಟ ಶೆಪ್ಪಿ ದ್ವೀಪದ ಕಡೆ ಶಿಬಿರಕ್ಕೆ ಹೋಗುತ್ತಿದ್ದರು. ಲೇಸ್‌ಡೌನ್ ಎಂಬಲ್ಲಿ, ದಡ ಕಾಣುತ್ತಿರುವಾಗಲೇ, ಬಿರುಗಾಳಿಯೊಂದು ಎದ್ದು ದೋಣಿ ಮಗುಚಿತು. ಒಂಬತ್ತು ಹುಡುಗರು ಸತ್ತರು. ದೋಣಿಯಲ್ಲಿ ದೊಡ್ಡವರು ಇರಲಿಲ್ಲವೆಂದಲ್ಲ. ಸ್ಕೌಟ್ ಮಾಸ್ಟರನೂ ಇತರ ಹಿರಿಯರೂ ಇದ್ದರು. ನೌಕಾಖಾತೆಯ ಹೊಣೆ ಹೊತ್ತಿದ್ದ ವಿನ್‌ಸ್ಟನ್ ಚರ್ಚಿಲ್ ಶವಗಳನ್ನು ತರಲು ಯುದ್ಧನೌಕೆಯೊಂದನ್ನೇ ಕಳಿಸಿದ. ಲಂಡನ್ನಿನ ಕೆಂಪು ಟೆಲಿಫೋನ್ ಗೂಡನ್ನು ಮುಂದೆ ರೂಪಿಸಿದ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಆ ಮಕ್ಕಳ ಸಮಾಧಿಗೆ ಸ್ಮಾರಕ ರೂಪಿಸಿದ.

ಈ ದುರಂತದಿಂದಲೇ ತರಬೇತಿ ಹುಟ್ಟಿತು ಎಂದು ನೇರ ಗೆರೆ ಎಳೆದರೆ ಓದಲು ಚೆನ್ನಾಗಿರುತ್ತದೆ, ಇತಿಹಾಸವಾಗುವುದಿಲ್ಲ. ಸ್ಕೌಟ್ ಮಾಸ್ಟರುಗಳಿಗೆ ಅಲ್ಲೊಂದು ಇಲ್ಲೊಂದು ಉಪನ್ಯಾಸ, ಶಿಬಿರ ಆಗಲೇ ನಡೆದಿದ್ದವು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಇದ್ದ ಯುವ ಮುಂದಾಳುಗಳಲ್ಲಿ ಅನೇಕರು ಕಂದಕಗಳಲ್ಲಿ ಸತ್ತರು. ಹುಡುಗರ ಸಣ್ಣ ತಂಡಗಳನ್ನು ಹುಡುಗರೇ ನಡೆಸುವ ಪದ್ಧತಿಯ ಬಗ್ಗೆ ಒಳ್ಳೆಯ ಪುಸ್ತಕ ಬರೆದ ರೋಲಂಡ್ ಫಿಲಿಪ್ಸ್ 1916ರ ಜುಲೈನಲ್ಲಿ ಸೋಮ್ ಕದನದಲ್ಲಿ ಮಡಿದ. ಯುದ್ಧ ಮುಗಿದಾಗ ಹುಡುಗರಿದ್ದರು, ನಡೆಸುವವರಿರಲಿಲ್ಲ.

ಆಗ ಡಬ್ಲ್ಯು. ಡಿ ಬಾಯ್ಸ್ ಮ್ಯಾಕ್ಲಾರೆನ್ ಎಂಬ ಸ್ಕಾಟ್ಲೆಂಡಿನ ಉದ್ಯಮಿ ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿನ ಬಳಿ ಪಾಳುಬಿದ್ದ ಎಸ್ಟೇಟೊಂದನ್ನು 7,000 ಪೌಂಡಿಗೆ ಕೊಂಡು ದಾನ ಮಾಡಿದ. ಅದೇ ಗಿಲ್‌ವೆಲ್ ಪಾರ್ಕ್. ದಾನಿಯ ಆಸೆ ಲಂಡನ್ನಿನ ಬಡಹುಡುಗರಿಗೆ ಬಿಡಾರ ಹೂಡಲು ಒಂದು ಜಾಗವಾಗಲಿ ಎಂದು. ಬೇಡನ್ ಪೊವೆಲ್ಲನಿಗೆ ಇನ್ನೊಂದು ಆಸೆ: ಹುಡುಗರನ್ನು ನಡೆಸುವವರಿಗೂ ಅದು ಶಾಲೆಯಾಗಬೇಕು. 1919ರ ಸೆಪ್ಟೆಂಬರ್ 8ರಂದು ಫ್ರಾನ್ಸಿಸ್ ಗಿಡ್ನಿಯ ಮುಂದಾಳ್ತನದಲ್ಲಿ ಮೊದಲ ತರಬೇತಿ ಶುರುವಾಯಿತು. ಸೇರಿದವರು ಇಪ್ಪತ್ತು ಮಂದಿಯೂ ಇರಲಿಲ್ಲ.

ಅಲ್ಲಿ ಅನುಸರಿಸಿದ ಕ್ರಮ ಇಂದಿಗೂ ಬೆರಗು ಹುಟ್ಟಿಸುವಂಥದು. ಬಂದವರು ಮೀಸೆ ಹೊತ್ತ ಗಂಡಸರು. ಕೆಲವರು ಸೇನೆಯಲ್ಲಿ ಆಜ್ಞೆ ಕೊಟ್ಟು ಅಭ್ಯಾಸವಾದವರು. ಅವರನ್ನು ಬೆಂಚಿನ ಮೇಲೆ ಕೂರಿಸಿ ಉಪನ್ಯಾಸ ಕೊಡುವ ಬದಲು ಹುಡುಗರ ಹಾಗೆ ಸಣ್ಣ ಸಣ್ಣ ತಂಡಗಳಾಗಿ ಒಡೆದರು. ತಮ್ಮ ಡೇರೆ ತಾವೇ ಹಾಕಬೇಕು, ಹಸಿ ಕಟ್ಟಿಗೆಯಲ್ಲಿ ಒಲೆ ಹೊತ್ತಿಸಬೇಕು, ಬೆಂದದ್ದನ್ನೋ ಸೀದದ್ದನ್ನೋ ತಿನ್ನಬೇಕು. ಪ್ರತಿದಿನ ಸರದಿಯ ಮೇಲೆ ಒಬ್ಬ ನಾಯಕ, ಉಳಿದವರು ಅವನು ಹೇಳಿದಂತೆ ಕೇಳಬೇಕು. ಮಳೆಯಲ್ಲಿ ಒದ್ದೆಯಾಗಿ, ಹಸಿದು, ಮುಂದೆ ಏನೆಂದು ಗೊತ್ತಿಲ್ಲದೆ ನಿಲ್ಲುವುದು ಹುಡುಗನಿಗೆ ಹೇಗಿರುತ್ತದೆ ಎಂಬುದು ದೊಡ್ಡವನಿಗೆ ಮರೆತುಹೋಗಿರುತ್ತದೆ. ಅದನ್ನು ಮೈಗೆ ನೆನಪಿಸುವುದೇ ಮೊದಲ ಪಾಠ. ಕೊನೆಯ ಸಾಲಿನ ಹುಡುಗನಾಗಿ ನಡೆದು ನೋಡಿದವನಿಗೆ ಸಾಲಿನ ವೇಗವನ್ನು ನಿರ್ಧರಿಸಬೇಕಾದವನು ಯಾರೆಂದು ಮತ್ತೆ ಹೇಳಬೇಕಾಗುವುದಿಲ್ಲ. ಶಿಬಿರ ಮುಗಿದರೂ ತರಬೇತಿ ಮುಗಿಯುತ್ತಿರಲಿಲ್ಲ. ಲಿಖಿತ ಪ್ರಶ್ನೆಗಳಿಗೆ ಉತ್ತರ ಬರೆಯುವುದಿತ್ತು. ಊರಿಗೆ ಹಿಂದಿರುಗಿ ತನ್ನ ದಳದಲ್ಲಿ ತಿಂಗಳುಗಟ್ಟಲೆ ಅದನ್ನೆಲ್ಲ ಮಾಡಿ ತೋರಿಸಬೇಕಿತ್ತು. ಆಮೇಲಷ್ಟೇ ಮನ್ನಣೆ.

ಆ ಮನ್ನಣೆಯ ಗುರುತು ಚರ್ಮದ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿ. ಜುಲು ಅರಸ ದಿನಿಜುಲುವಿನ ಹಾರದಿಂದ ಬಂದವು ಎಂದು ಬೇಡನ್ ಪೊವೆಲ್ ಹೇಳಿಕೊಂಡ ಮಣಿಗಳಿಂದ ಈ ಪದ್ಧತಿ ಹುಟ್ಟಿತು. ಆಫ್ರಿಕದ ಅರಸನ ಕೊರಳ ಹಾರ ಬ್ರಿಟಿಷ್ ಸೇನಾಧಿಕಾರಿಯ ಕೈಗೆ ಬಂದದ್ದು ಹೇಗೆಂದು ವಸಾಹತುಗಳಲ್ಲಿ ಬಾಳಿದ ನಮಗೆ ವಿವರಿಸಬೇಕಿಲ್ಲ. ಅದೇನೇ ಇರಲಿ, ‘ವುಡ್ ಬ್ಯಾಡ್ಜ್’ ಎಂಬ ಈ ತರಬೇತಿ ಲೋಕವೆಲ್ಲ ಹರಡಿತು. ನಮ್ಮಲ್ಲಿ ಅದರ ಹೆಸರು ‘ಹಿಮಾಲಯ ವುಡ್ ಬ್ಯಾಡ್ಜ್’. ಕೊರಳಲ್ಲಿ ಎರಡು ಮಣಿ ಕಂಡರೆ ಆ ತರಬೇತಿ ಪೂರೈಸಿದವರು. ಮೂರು, ನಾಲ್ಕು ಮಣಿಗಳಿದ್ದರೆ ಬೇರೆಯವರಿಗೆ ತರಬೇತಿ ಕೊಡುವವರು.

ಗಿಲ್‌ವೆಲ್ ಕಲಿಸಿದ್ದು ಬಿಡಾರದ ಕೌಶಲ, ಮಕ್ಕಳೊಡನೆ ಒಡನಾಟ. ಅದಷ್ಟೇ ಸಾಲದು ಎಂದು ತೋರಿಸಿಕೊಟ್ಟದ್ದು ಬೆಟ್ಟ.

1971ರ ನವೆಂಬರಿನಲ್ಲಿ ಎಡಿನ್‌ಬರೋದ ಶಾಲೆಯೊಂದರ ಹದಿಹರೆಯದ ಹುಡುಗ ಹುಡುಗಿಯರು ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪರ್ವತಕ್ಕೆ ಹೋದರು. ಎರಡು ಗುಂಪು. ಹೆಚ್ಚು ಅನುಭವವಿದ್ದ ಗುಂಪು ಒಬ್ಬ ತರಬೇತುದಾರನೊಡನೆ ಮುಂದೆ. ಅಷ್ಟು ಅನುಭವವಿಲ್ಲದ ಆರು ಮಂದಿ ಇಪ್ಪತ್ತರ ಆಸುಪಾಸಿನ ಯುವತಿಯೊಬ್ಬಳ ಜೊತೆ ಹಿಂದೆ. ಅವಳಿಗೆ ಸಹಾಯಕಿಯಾಗಿ ಇನ್ನೂ ಕಲಿಯುತ್ತಿದ್ದ ಹದಿನೆಂಟರ ಹುಡುಗಿ. ಮೇಲೆ ಬಯಲಿನಂತೆ ಹರಡಿದ ಎತ್ತರದ ಪ್ರಸ್ಥಭೂಮಿ. ಹವೆ ಕೆಟ್ಟರೆ ಅಲ್ಲಿ ‘ಕರನ್’ ಎಂಬ ಚಿಕ್ಕ ಆಸರೆಮನೆ ಇದೆ, ಅದರೊಳಗೆ ಹೊಕ್ಕರಾಯಿತು ಎಂಬುದು ಲೆಕ್ಕ. ಹವೆ ಕೆಟ್ಟಿತು. ಮುಂದಿನ ಗುಂಪು ಆಸರೆಮನೆ ಮುಟ್ಟಿತು. ಹಿಂದಿನ ಗುಂಪು ಮುಟ್ಟಲಿಲ್ಲ. ಎರಡು ರಾತ್ರಿ ಅವರು ಹಿಮಗಾಳಿಯಲ್ಲಿ ಬಯಲಲ್ಲೇ ಕಳೆದರು. ಮೂರನೆಯ ದಿನ ಬೆಳಿಗ್ಗೆ, ಸಹಾಯಕ್ಕಾಗಿ ಹೊರಟು ಹಿಮದಲ್ಲಿ ಮಂಡಿಯೂರಿ ತೆವಳುತ್ತಿದ್ದ ಆ ಯುವತಿ ಹೆಲಿಕಾಪ್ಟರಿನವರ ಕಣ್ಣಿಗೆ ಬಿದ್ದಳು. ಐವರು ವಿದ್ಯಾರ್ಥಿಗಳೂ ಸಹಾಯಕಿಯೂ ಸತ್ತಿದ್ದರು. ಉಳಿದದ್ದು ಮುಂದಾಳು ಮತ್ತು ಒಬ್ಬ ಹುಡುಗ.

ಇವರು ಏನೂ ಅರಿಯದವರಲ್ಲ. ಬ್ರಿಟನ್ನಿನಲ್ಲಿ ಬೆಟ್ಟದ ಮುಂದಾಳುಗಳಿಗೆ ಪ್ರಮಾಣಪತ್ರ ಕೊಡುವ ಏರ್ಪಾಡು 1964ರಿಂದಲೇ ಇತ್ತು. ಹಾಗಾದರೆ ಏನಾಯಿತು? ಈ ಬಗ್ಗೆ ಸ್ಕಾಟ್ಲೆಂಡಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಅದರಲ್ಲಿ ನನ್ನ ಮಟ್ಟಿಗೆ ಮುಖ್ಯವಾದದ್ದು ಆಸರೆಮನೆಯ ಪ್ರಶ್ನೆ. ಜೀವ ಉಳಿಸಲೆಂದು ಕಟ್ಟಿದ ಗುಡಿಸಲು ಅದು. ಮೇಲೊಂದು ಗುಡಿಸಲಿದೆ ಎಂಬ ಭರವಸೆಯೇ, ಕೆಳಗಿನಿಂದ ಹಿಂದಿರುಗಬೇಕಾದ ದಿನವೂ ಜನರನ್ನು ಮೇಲಕ್ಕೆ ಎಳೆಯುತ್ತದೆ ಎಂದು ಹಲವರು ವಾದಿಸಿದರು. ಹಿಮದಲ್ಲಿ ಹೂತುಹೋದ ಗುಡಿಸಲು ಹುಡುಕುವವನ ಕಣ್ಣಿಗೆ ಕಾಣುವುದೂ ಇಲ್ಲ. ಕೊನೆಗೆ ಅದನ್ನು ಕೆಡವಿದರು. ಈ ಘಟನೆ ಓದಿದಾಗ ಕನ್ನಡಿಗರಿಗೆ 2024ರ ಜೂನ್ ನೆನಪಾಗದೆ ಇರದು. ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ, 4,000 ಮೀಟರಿಗೂ ಮಿಕ್ಕ ಎತ್ತರದಲ್ಲಿ, ಹಿಮಗಾಳಿಗೆ ಸಿಕ್ಕ ಕರ್ನಾಟಕದ ಚಾರಣಿಗರಲ್ಲಿ ಒಂಬತ್ತು ಮಂದಿ ಸತ್ತರು. ಅವರು ಮಕ್ಕಳಲ್ಲ, ಪ್ರಾಯಸ್ಥರು. ಆದರೆ ಬಯಲಾದ ಎತ್ತರದಲ್ಲಿ ಗಾಳಿ, ಒದ್ದೆ, ಕಾಣದ ದಾರಿ ಮೂರೂ ಸೇರಿದಾಗ ಎಷ್ಟು ಬೇಗ ಎಲ್ಲ ಮುಗಿಯುತ್ತದೆ ಎಂಬುದು ಎರಡು ಕಡೆಯೂ ಒಂದೇ.

ಕಾನೂನು ಎಚ್ಚೆತ್ತದ್ದು ಇನ್ನೊಂದು ಸಾವಿನಿಂದ. 1993ರ ಮಾರ್ಚ್ 22ರಂದು ಪ್ಲಿಮತ್ ನಗರದ ಎಂಟು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ, ಇಬ್ಬರು ತರಬೇತುದಾರರು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ಎಂಬ ಕಿರುದೋಣಿಗಳಲ್ಲಿ ಹೊರಟರು. ಶಿಕ್ಷಕನ ದೋಣಿ ಮತ್ತೆ ಮತ್ತೆ ಮಗುಚಿತು. ಒಬ್ಬ ತರಬೇತುದಾರ ಅವನ ನೆರವಿಗೆ ನಿಂತ. ಅಷ್ಟರಲ್ಲಿ ದಡದಿಂದ ಬೀಸುವ ಗಾಳಿ ಮಕ್ಕಳನ್ನು ಕಡಲಿಗೆ ತಳ್ಳಿಕೊಂಡು ಹೋಯಿತು. ಆಪತ್ತನ್ನು ಸಾರುವ ಬೆಳಕಿನ ಬಾಣ ಅವರ ಬಳಿ ಇರಲಿಲ್ಲ. ಹುಡುಕಾಟ ಶುರುವಾಗಲು ಗಂಟೆಗಳೇ ಹಿಡಿದವು. ನಾಲ್ವರು ಮಕ್ಕಳು ಸತ್ತರು. ಆ ಸಾಹಸಕೇಂದ್ರದಲ್ಲಿ ಸುರಕ್ಷತೆ ಸಾಲದೆಂದು ಹಿಂದಿನ ವರ್ಷವೇ ಇಬ್ಬರು ಮಾಜಿ ನೌಕರರು ಎಚ್ಚರಿಸಿದ್ದರು. 1994ರಲ್ಲಿ ಕಂಪನಿಯ ಮುಖ್ಯಸ್ಥ ಜೈಲಿಗೆ ಹೋದ. ಸಾವಿಗೆ ಕಾರಣವಾದ ಅಪರಾಧಕ್ಕಾಗಿ ಇಂಗ್ಲೆಂಡಿನಲ್ಲಿ ಕಂಪನಿಯೊಂದಕ್ಕೇ ಶಿಕ್ಷೆಯಾದದ್ದು ಅದೇ ಮೊದಲು. 1995ರಲ್ಲಿ ಬಂದ ಕಾನೂನು ಮಕ್ಕಳ ಸಾಹಸಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡಿತು.

ಇಲ್ಲೊಂದು ಸೂಕ್ಷ್ಮವಿದೆ. ತನ್ನ ಸದಸ್ಯರನ್ನೇ ಕರೆದೊಯ್ಯುವ ಸ್ವಯಂಸೇವಾ ಸಂಘಗಳಿಗೂ ತನ್ನ ವಿದ್ಯಾರ್ಥಿಗಳನ್ನೇ ಕರೆದೊಯ್ಯುವ ಶಾಲೆಗೂ ಆ ಕಾನೂನು ವಿನಾಯಿತಿ ಕೊಟ್ಟಿತು. ಕಾರಣ ಊಹಿಸಬಹುದು. ಶನಿವಾರ ಭಾನುವಾರ ಪುಕ್ಕಟೆ ದುಡಿಯುವ ಬ್ಯಾಂಕ್ ಗುಮಾಸ್ತನಿಗೆ ಪರವಾನಗಿ, ತಪಾಸಣೆ, ಶುಲ್ಕ ಎಂದರೆ ಅವನು ಕೈಮುಗಿದು ಮನೆಯಲ್ಲಿ ಕೂರುತ್ತಾನೆ. ಹಾಗೆಂದು ಹೊಳೆಯ ನೀರು, ಇವನು ಸಂಬಳದವನೋ ಪುಕ್ಕಟೆಯವನೋ ಎಂದು ಕೇಳಿ ಏರುವುದಿಲ್ಲವಲ್ಲ. ಆದ್ದರಿಂದ ಸ್ವಯಂಸೇವಕರ ವಿಷಯದಲ್ಲಿ ಭಾರವೆಲ್ಲ ಬಿದ್ದದ್ದು ಸಂಘಗಳು ತಾವೇ ಕೊಡುವ ತರಬೇತಿಯ ಮೇಲೆ.

ಇಂದು ಒಳ್ಳೆಯ ತರಬೇತಿಯಲ್ಲಿ ಏನು ಕಲಿಸುತ್ತಾರೆ? ಪ್ರಥಮ ಚಿಕಿತ್ಸೆ, ನಕ್ಷೆ, ದಿಕ್ಸೂಚಿ ಇವೆಲ್ಲ ಇದ್ದದ್ದೇ. ಕಣ್ಣಿಗೆ ಅಲ್ಪವಾಗಿ ಕಾಣುವ ಅಭ್ಯಾಸಗಳಿಗೇ ಅಲ್ಲಿ ಹೆಚ್ಚು ಹೊತ್ತು ಕೊಡುತ್ತಾರೆ. ಸಾಲಿನ ಮುಂದೆ ಒಬ್ಬ ದೊಡ್ಡವರು, ಕೊನೆಯಲ್ಲಿ ಒಬ್ಬ ದೊಡ್ಡವರು. ಕೊನೆಯವರ ಹಿಂದೆ ಯಾರೂ ಇರಕೂಡದು. ಪ್ರತಿ ತಿರುವಿನಲ್ಲಿ, ಪ್ರತಿ ಹಳ್ಳ ದಾಟಿದ ಮೇಲೆ ತಲೆ ಎಣಿಕೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ: ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಇದು ಗಟ್ಟಿಮುಟ್ಟಾದ ಪ್ರಾಯಸ್ಥರ ಲೆಕ್ಕ. ಮಕ್ಕಳಿದ್ದರೆ ಗುಂಪಿನ ಅತಿ ನಿಧಾನದ ಮಗುವಿನ ನಡಿಗೆಯೇ ಲೆಕ್ಕ.

ಚಳಿ ಹಿಡಿದ ಮಗುವನ್ನು ಗುರುತಿಸುವ ಪಾಠವಂತೂ ತಾಯಂದಿರಿಗೂ ತಿಳಿದಿರಬೇಕಾದದ್ದು. ಒದ್ದೆ ಬಟ್ಟೆ, ಗಾಳಿ, ಹಸಿವು ಸೇರಿದರೆ ಮೈಬಿಸಿ ಇಳಿಯಲು ಹಿಮ ಬೀಳಬೇಕೆಂದಿಲ್ಲ. ಮಳೆಗಾಲದ ಕುದುರೆಮುಖವೂ ಸಾಕು. ಮಗು ಮೊದಲು ಗೊಣಗುತ್ತದೆ, ಆಮೇಲೆ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ನಡೆಯುವಾಗ ಎಡವುತ್ತದೆ, ಮಾತು ತೊದಲುತ್ತದೆ. ತರಬೇತಿಯಿಲ್ಲದವರು ಮೊದಲ ಹಂತದಲ್ಲೇ ಮಗುವನ್ನು ಗದರಿಸುತ್ತಾರೆ. ತರಬೇತಿಯಾದವರು ನಿಂತು ಒಣಬಟ್ಟೆ ತೆಗೆಯುತ್ತಾರೆ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟು ಬಿಡುವಿಲ್ಲವಾದರೆ ಬೋಳುಗುಡ್ಡದಿಂದ ಇಳಿಯಬೇಕು. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಾಯಬೇಕು. ಮುಳುಗುತ್ತಿರುವ ಮಗು ಸಿನಿಮಾದಲ್ಲಿಯಂತೆ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಆದ್ದರಿಂದ ನೀರಿನ ಬಳಿ ಕಿವಿಗಿಂತ ಕಣ್ಣು ಕೆಲಸ ಮಾಡಬೇಕು. ಎತ್ತಲು ತಕ್ಷಣ ಹಾರುವುದು ಶೌರ್ಯವಾಗಿ ಕಾಣುತ್ತದೆ, ಎರಡನೆಯ ಹೆಣವನ್ನೂ ತರುತ್ತದೆ. ಮೊದಲು ಕೋಲು ಚಾಚಬೇಕು, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಬೇಕು. ಹಗ್ಗವಿಲ್ಲದಿದ್ದರೆ ಪಂಚೆ ಇದೆ, ಸೀರೆ ಇದೆ. ಇನ್ನೊಂದು ನಿಯಮ ಹೊಳೆ ಬೆಟ್ಟಗಳಿಗೆ ಸಂಬಂಧಿಸಿದ್ದಲ್ಲ: ಒಬ್ಬ ದೊಡ್ಡವರು ಒಂದು ಮಗುವಿನೊಡನೆ ಏಕಾಂತದಲ್ಲಿ ಇರಕೂಡದು, ಕನಿಷ್ಠ ಇಬ್ಬರು ಪ್ರಾಯಸ್ಥರು ಇರಬೇಕು. ಮಕ್ಕಳಿಗೆ ಹೊರಗಿನಿಂದ ಬರುವ ಅಪಾಯದಷ್ಟೇ ಕರೆದೊಯ್ದವರಿಂದಲೂ ಬರಬಹುದು ಎಂಬ ಕಹಿಸತ್ಯವನ್ನು ಸಂಘಗಳು ಒಪ್ಪಿಕೊಳ್ಳಲು ಬಹಳ ವರ್ಷ ತೆಗೆದುಕೊಂಡವು.

ಇವನ್ನೆಲ್ಲ ಬಾಯಿಪಾಠ ಮಾಡಿಸಬಹುದು. ಗೊತ್ತಿದ್ದೂ ಮುಂದೆ ಹೋಗುವವರನ್ನು ಏನು ಮಾಡುವುದು? ಅಮೆರಿಕದ ಇಯನ್ ಮೆಕ್ಯಾಮನ್ 1972ರಿಂದ 2003ರ ನಡುವಿನ ಏಳುನೂರಕ್ಕೂ ಹೆಚ್ಚು ಹಿಮಕುಸಿತದ ಅಪಘಾತಗಳನ್ನು ಪರಿಶೀಲಿಸಿ 2004ರಲ್ಲಿ ಬರೆದ. ಅಪಾಯದ ಗುರುತುಗಳು ಎದುರಿಗಿದ್ದಾಗಲೂ, ಅವನ್ನು ಓದಲು ಕಲಿತವರೇ ಮುಂದೆ ಹೋಗಿದ್ದ ಪ್ರಸಂಗಗಳು ಅವನಿಗೆ ಸಿಕ್ಕವು. ಅವರನ್ನು ಎಳೆದ ಸೆಳೆತಗಳು ನಮಗೆ ಮನೆಯಲ್ಲೇ ಪರಿಚಿತ. ಹಿಂದೆ ಹತ್ತು ಸಲ ಬಂದ ಜಾಗ ತಾನೇ ಎಂಬ ಸಲಿಗೆ. ಇಷ್ಟು ದೂರ ಬಂದಾಯಿತು, ಈಗ ಹಿಂದಿರುಗುವುದೇ ಎಂಬ ಹಟ. ಜೊತೆಯವರ ಮುಂದೆ ಸಣ್ಣವನಾಗಬಾರದೆಂಬ ಸಂಕೋಚ. ಎಲ್ಲಕ್ಕಿಂತ ಕೆಟ್ಟದ್ದು, ‘ಅವರಿಗೆ ಗೊತ್ತಿರುತ್ತದೆ ಬಿಡಿ’ ಎಂದು ಒಬ್ಬರ ಮೇಲೆ ಎಲ್ಲರೂ ಭಾರ ಹಾಕುವುದು. ಗುರುಹಿರಿಯರಿಗೆ ಎದುರಾಡಬಾರದೆಂದು ಕಲಿತು ಬೆಳೆದ ನಮ್ಮಲ್ಲಿ ಈ ಕೊನೆಯದು ಇನ್ನಷ್ಟು ಬಲವಾದದ್ದು. ‘ಸಾರ್, ನೀರು ಹೆಚ್ಚಾಗ್ತಿದೆ’ ಎಂದು ಹೇಳಲು ಏಳನೆಯ ತರಗತಿಯ ಹುಡುಗನಿಗೆ ಧೈರ್ಯವಿರಬೇಕಾದರೆ, ಹಾಗೆ ಹೇಳಿದ್ದಕ್ಕೆ ಬೈಯದ ಮೇಷ್ಟ್ರು ಇರಬೇಕು. ಆದ್ದರಿಂದ ನುರಿತ ತರಬೇತುದಾರರು ಹಿಂದಿರುಗುವ ಹೊತ್ತನ್ನು ಬೆಳಿಗ್ಗೆಯೇ, ಕೆಳಗೇ, ಎಲ್ಲರ ಮುಂದೆ ಹೇಳಿಬಿಡಿ ಎನ್ನುತ್ತಾರೆ. ತುದಿ ಕಣ್ಣಿಗೆ ಬಿದ್ದ ಮೇಲೆ ಮಾಡುವ ಲೆಕ್ಕ ಲೆಕ್ಕವಲ್ಲ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದೇನಲ್ಲ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಶುರುವಾದದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಆಗ ಅದು ಭಾರತೀಯ ಮಕ್ಕಳಿಗಾಗಿ ಇರಲಿಲ್ಲ. ಅವರಿಗಾಗಿ ಆನಿ ಬೆಸೆಂಟ್ ಮೊದಲಾದವರು ಬೇರೆ ಸಂಘಟನೆ ಕಟ್ಟಬೇಕಾಯಿತು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಹಲವು ಸಂಘಟನೆಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಮಧ್ಯಪ್ರದೇಶದ ಪಚ್‌ಮಡಿಯಲ್ಲಿ ಅದರ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ನಮ್ಮ ದೊಡ್ಡಬಳ್ಳಾಪುರದಲ್ಲೂ ದಾವಣಗೆರೆ ಸಮೀಪದ ಕೊಂಡಜ್ಜಿಯಲ್ಲೂ ಶಿಕ್ಷಕರು ಡೇರೆ ಹೂಡಿ ಕಲಿತಿದ್ದಾರೆ. ಆದರೆ ಮಕ್ಕಳನ್ನು ಹೊರಗೆ ಕರೆದೊಯ್ಯುವವರೆಲ್ಲ ಸ್ಕೌಟ್ ಮಾಸ್ಟರುಗಳಲ್ಲ. ಶಾಲಾ ಪ್ರವಾಸದ ಸುತ್ತೋಲೆಗಳು ಬಸ್ಸಿನ ಬಗ್ಗೆ, ಅನುಮತಿಪತ್ರದ ಬಗ್ಗೆ ಮಾತನಾಡುತ್ತವೆ. ಮುಂದೆ ನಡೆಯುವ ಮೇಷ್ಟ್ರನ್ನು ಒಂದು ವಾರ ಮಳೆಯಲ್ಲಿ ಹುಡುಗನ ಹಾಗೆ ನಡೆಸಿ ನೋಡುವ ಏರ್ಪಾಡು ಸುತ್ತೋಲೆಯಿಂದ ಆಗುವಂಥದಲ್ಲ. ಅದಕ್ಕೆ ರಜೆ ಬೇಕು, ಹಣ ಬೇಕು, ಕಲಿಸುವವರು ಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮೇಷ್ಟ್ರೊಬ್ಬರು ಹಿಡ್ಲುಮನೆ ಅಬ್ಬಿಯ ಹಾದಿಯಲ್ಲಿ ನಮ್ಮನ್ನು ಕೊಡಚಾದ್ರಿಗೆ ಕರೆದೊಯ್ದಿದ್ದರು. ಕಾಲಿಗೆ ಇಂಬಳ, ಕಲ್ಲಿಗೆ ಪಾಚಿ. ಹೊರಡುವಾಗಲೇ ಹೇಳಿದ್ದರು: ಎಲ್ಲಿದ್ದರೂ ಸರಿ, ಒಂದೂವರೆಗೆ ತಿರುಗಿಬಿಡುವುದು. ಒಂದೂವರೆಗೆ ನಾವು ಮೇಲಿನ ದೇವಸ್ಥಾನದ ಬಳಿ ಇದ್ದೆವು. ಸರ್ವಜ್ಞಪೀಠಕ್ಕೆ ಇನ್ನು ಸ್ವಲ್ಪವೇ ದಾರಿ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮೇಷ್ಟ್ರು ವಾಚು ನೋಡಿ, ಬಂದ ಹಾದಿಗೆ ಮುಖ ಮಾಡಿದರು. ‘ಸಾರ್, ಇಷ್ಟೇ ಅಲ್ವಾ ಸಾರ್’ ಎಂದು ನಾವು ಗೋಗರೆದೆವು. ‘ಇಳಿಯೋಕೂ ಕಾಲು ಬೇಕು ಕಣ್ರೋ’ ಎಂದಷ್ಟೇ ಹೇಳಿ ಎಣಿಸತೊಡಗಿದರು: ಒಂದು, ಎರಡು, ಮೂರು... ಮೂವತ್ತೊಂದು. ಅಬ್ಬಿಯ ಪಕ್ಕದ ಜಾರುಬಂಡೆಗಳನ್ನು ಒಬ್ಬೊಬ್ಬರಾಗಿ ಇಳಿದೆವು. ಮಳೆ ಬರಲೇ ಇಲ್ಲ. ಮೋಡ ಹಾಗೆಯೇ ಚದುರಿ ಹೋಯಿತು, ಸಂಜೆಯವರೆಗೂ ಹೊಂಬಿಸಿಲು. ಬಸ್ಸಿನಲ್ಲಿ ಊರು ಸೇರುವ ತನಕ ನಾವು ಮೂವತ್ತೊಂದು ಮಂದಿಯೂ ಮೇಷ್ಟ್ರನ್ನು ಮನಸಾರೆ ಬೈದುಕೊಂಡೆವು. ಮುಂದಿನ ಸೀಟಿನಲ್ಲಿ ಅವರು ನಿದ್ದೆ ಮಾಡುತ್ತಿದ್ದರು.